ಡಚ್ ಸರ್ವನಾಮ: ನಮ್ಮ ‘ಅವ್ರು’ ಅಲ್ಲಿ ಯಾಕೆ ಎಡವತ್ತೆ

ಡಚ್ ಎ1, ಅಂದ್ರೆ ಮೊದಲ ಹಂತದ ಕ್ಲಾಸ್ ಈಗಷ್ಟೇ ಶುರುವಾಗಿದೆ, ಮರೆಯೋ ಮುಂಚೆ ಬರ್ದಿಡ್ತಿದೀನಿ.

ಇಕ್ ಅಂದ್ರೆ ನಾನು, ಯೆಯ್ ನೀನು, ಹೆಯ್ ಅವನು, ಜ಼ೆಯ್ ಅವಳು, ಹೆಟ್ ಅದು, ವೆಯ್ ನಾವು, ಯುಲ್ಲಿ ನೀವೆಲ್ಲ, ಕೊನೇಗೆ ಮತ್ತೆ ಜ಼ೆಯ್, ಈ ಸಲ ಅವರು. ಮರ್ಯಾದೆಗೆ ಯೂ. ಮಾತಲ್ಲಿ ಯೆಯ್, ಜ಼ೆಯ್, ವೆಯ್ ಸವೆದು ಯ, ಜ಼, ವ ಆಗ್ತವೆ, ‘ನಾನಲ್ಲ, ಅವಳು’ ಅಂತ ಒತ್ತಿ ಹೇಳ್ಬೇಕಾದ್ರೆ ಉದ್ದದ್ದೇ ಬೇಕು.

ನಾನು ಸಿಕ್ಕಿಹಾಕ್ಕೊಂಡಿದ್ದು ಈ ಜ಼ ಹತ್ರ. ನಮ್ಮ ಪಕ್ಕದ ಮನೇಲಿ ಒಬ್ರು ಅಜ್ಜಿ ಇದಾರೆ, ಒಂಟಿಯಾಗಿ. ಕ್ಲಾಸಲ್ಲಿ ಅವ್ರ ಬಗ್ಗೆ, ಐಂಡ್‌ಹೋವನ್ ಊರಲ್ಲಿ ಇರ್ತಾರೆ ಅನ್ನೋಕೆ, ‘ಜ಼ ವೋನನ್ ಇನ್ ಐಂಡ್‌ಹೋವನ್’ ಅಂದೆ, ಟೀಚರ್ ‘ಎಷ್ಟು ಜನ ಇದಾರೆ ಆ ಮನೇಲಿ?’ ಅಂತ ಕೇಳಿದ್ರು. ನನ್ನ ತಲೇಲಿ ಇದ್ದಿದ್ದು ‘ಅವ್ರು ಇರ್ತಾರೆ’, ಹಿರಿಯರನ್ನ ‘ಇರ್ತಾಳೆ’ ಅನ್ನೋಕೆ ನಾಲಿಗೆ ಬರಲ್ಲ, ಅದಕ್ಕೇ ಕ್ರಿಯಾಪದಾನೂ ಬಹುವಚನಕ್ಕೆ ಜಾರಿಬಿಡ್ತು. ಡಚ್ಚಲ್ಲಿ ಬಹುವಚನ ಅಂದ್ರೆ ಬರೀ ತಲೆ ಎಣಿಕೆ, ಮರ್ಯಾದೆಗೂ ಅದಕ್ಕೂ ಸಂಬಂಧ ಇಲ್ಲ. ರಾಣಿ ಮಾಕ್ಸಿಮಾ ಬಗ್ಗೆ ಹೇಳಿದ್ರೂ ‘ಜ಼ ವೋನ್ಟ್ ಇನ್ ಡೆನ್ ಹಾಖ್’ (ಹೇಗ್‌ನಲ್ಲಿ ಇರ್ತಾಳೆ), ಅಷ್ಟೇ. ಒಬ್ಬರೇ ಇದ್ರೆ ವೋನ್ಟ್, ಇಬ್ರು ಮೂರು ಜನ ಇದ್ರೆ ವೋನನ್. ಇದನ್ನ ಹತ್ತು ಸಲ ಬಾಯಲ್ಲಿ ಹೇಳಿ, ನಿಮ್ಮ ಅಮ್ಮನ ಬಗ್ಗೆ, ಅತ್ತೆ ಬಗ್ಗೆ, ಟೀಚರ್ ಬಗ್ಗೆ, ಎಲ್ಲಾ ‘ಜ಼ ವೋನ್ಟ್’. ಅಗೌರವ ಅಂತ ಒಳಗೊಳಗೇ ಅನ್ಸತ್ತೆ, ಅನ್ಸಲಿ, ಹೇಳ್ತಾ ಹೇಳ್ತಾ ಹೋಗತ್ತೆ.

ಹಾಗಾದ್ರೆ ಮರ್ಯಾದೆ ಎಲ್ಲಿ? ಎದುರಿಗಿರೋರ ಜೊತೆ ಮಾತಾಡ್ವಾಗ. ನಮ್ಮ ‘ನೀವು’ ಒಂದೇ ಪದ ಎರಡು ಕೆಲ್ಸ ಮಾಡತ್ತೆ, ಡಚ್ಚರು ಅದನ್ನ ಒಡೆದಿದಾರೆ: ಗೆಳೆಯರ ಗುಂಪಿಗೆ ಯುಲ್ಲಿ, ಹಿರಿಯರಿಗೆ, ಪರಿಚಯ ಇಲ್ದೋರಿಗೆ ಯೂ, ಒಬ್ಬರಾಗ್ಲಿ ನಾಲ್ಕು ಜನ ಆಗ್ಲಿ ‘ಯೂ ವೋನ್ಟ್’.

ಇನ್ನು ಜ಼ ಕಿವಿಗೆ ಬಿದ್ದಾಗ ಅವಳೋ ಅವ್ರೋ ಅನ್ನೋಕೆ ನನ್ನ ಉಪಾಯ, ಕ್ರಿಯಾಪದದ ಬಾಲ ಹಿಡಿಯೋದು. ‘ಮಾಡ್ತಾಳೆ, ಮಾಡ್ತಾರೆ’ ಅಂತ ಬಾಲದಲ್ಲೇ ಆಳು ಗುರುತಿಸೋದು ನಮಗೆ ಹುಟ್ಟಿದಾಗಿಂದ ಅಭ್ಯಾಸ ತಾನೇ. ಆದ್ರೆ ಕೊನೇ ನ್ ತುಂಬಾ ಜನ ನುಂಗಿಬಿಡ್ತಾರೆ, ‘ವೋನ’ ಅಂತಷ್ಟೇ ಕೇಳ್ಸತ್ತೆ, ಅದಕ್ಕೇ ನ್ ಹುಡುಕ್ಬೇಡಿ, ಟ್ ಇದ್ಯಾ ಕೇಳಿ, ಇದ್ರೆ ಅವಳು. ಮತ್ತೆ ನಮ್ಮ ಥರ ‘ಬರ್ತೀನಿ’ ಅಂತ ಸರ್ವನಾಮ ಬಿಡೋ ಹಾಗಿಲ್ಲ, ಇಕ್ ಹೇಳ್ಲೇಬೇಕು.

ಪ್ರಶ್ನೆಲಿ ಯೆಯ್ ಕ್ರಿಯಾಪದ ಆದ್ಮೇಲೆ ಬಂದ್ರೆ ಅದರ ಟ್ ಬಿದ್ದೋಗತ್ತೆ: ‘ಯೆಯ್ ವೋನ್ಟ್’, ಆದ್ರೆ ‘ವೋನ್ ಯೆಯ್?’ ಯೂಗೆ ಬೀಳಲ್ಲ, ‘ವೋನ್ಟ್ ಯೂ?’

ಇನ್ನೊಂದು, ವಸ್ತು ಅಂದ್ರೆಲ್ಲಾ ಹೆಟ್ ಅಲ್ಲ. ಮುಂದೆ ‘ದ’ (ಇಂಗ್ಲಿಷಿನ the ಥರ) ಹಚ್ಚೋ ಪದಕ್ಕೆ ಹೆಯ್ ಬರತ್ತೆ, ಅಂದ್ರೆ ಸೈಕಲ್ಲೂ ‘ಅವನು’. ದ ಫೀಟ್ಸ್ ಎಲ್ಲಿ ಅಂದ್ರೆ, ‘ಹೆಯ್ ಸ್ಟಾಟ್ ಬಾಯ್ಟನ್’, ಹೊರಗೆ ನಿಂತಿದಾನೆ.