ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುವುದು ಸುಳ್ಳಲ್ಲ

ಮೊದಲೇ ಹೇಳಿಬಿಡುತ್ತೇನೆ. ನೆಲದೊಳಗೆ ನೀರು ಎಲ್ಲಿದೆ ಅಂತ ನೋಡಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರಲ್ಲ, ನೀರಿದ್ದ ಕಡೆ ಅದು ಏಳುತ್ತದೆ ಅನ್ನುತ್ತಾರಲ್ಲ, ಅದರ ಮಾತು ಇದು. ಕಾಯಿ ಏಳುತ್ತದೆ. ನನ್ನ ಕೈಯಲ್ಲೇ ಎದ್ದಿದೆ.

ಹೋದ ವರ್ಷ ಮಾರ್ಚ್‌ನಲ್ಲಿ, ತೀರ್ಥಹಳ್ಳಿ ಕಡೆ ಇರುವ ನಮ್ಮ ತೋಟಕ್ಕೆ ಮೂರನೇ ಬೋರ್ ಕೊರೆಸುವ ಮಾತು ನಡೆದಿತ್ತು. ಹಿಂದಿನ ಎರಡೂ ಫೇಲ್. ಒಂದರಲ್ಲಿ ಬರೀ ಧೂಳು. ಇನ್ನೊಂದರಲ್ಲಿ ಅರ್ಧ ಇಂಚು ನೀರು ಬಂದು, ಯುಗಾದಿ ಹೊತ್ತಿಗೆ ಅದೂ ನಿಂತುಹೋಗಿತ್ತು. ಎರಡಕ್ಕೂ ಪಾಯಿಂಟ್ ಹಾಕಿಕೊಟ್ಟವರು ಒಬ್ಬರೇ. ಆದರೂ ಅಪ್ಪಯ್ಯ ಮೂರನೇ ಸಲವೂ ಅವರನ್ನೇ ಕರೆಸಿದರು. ಯಾಕೆ ಅಂದರೆ, ‘ಪಾಪ, ಅವರು ತೋರಿಸಿದ್ದು ಸರಿಯಾಗೇ ಇತ್ತು, ಬೋರ್‌ನವರು ಒಂದಡಿ ಆಚೆ ಹೊಡೆದರು.’

ಆ ಮನುಷ್ಯ ಮೋಸಗಾರ ಅಲ್ಲ. ದುಡ್ಡು ಕೇಳುವುದಿಲ್ಲ, ಎಲೆ ಅಡಿಕೆ ಮೇಲೆ ಇಟ್ಟಷ್ಟು ತಗೊಳ್ತಾರೆ. ಸುಲಿದ ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿ, ಜುಟ್ಟು ಬೆರಳಿನ ಕಡೆ ಮಾಡಿ, ನಿಧಾನಕ್ಕೆ ನಡೆದರು. ಹಳೇ ಹಲಸಿನ ಮರದ ಹತ್ತಿರ ಬಂದಾಗ ಕಾಯಿ ತೊನೆಯಿತು. ಇನ್ನೊಂದು ಹೆಜ್ಜೆಗೆ ಜುಟ್ಟು ಮೇಲೆ ಮಾಡಿ ನೆಟ್ಟಗೆ ನಿಂತಿತು. ನನ್ನ ಮುಖ ನೋಡಿ ಅವರಿಗೆ ಗೊತ್ತಾಗಿರಬೇಕು. ‘ನೀವೇ ಹಿಡಿದು ನೋಡಿ, ನಿಮ್ಮದು ಓ ಪಾಸಿಟಿವ್ ಅಲ್ವಾ?’ ಅಂದರು. ಆ ರಕ್ತದ ಗುಂಪಿನವರ ಕೈಯಲ್ಲಿ ಕಾಯಿ ಏಳುತ್ತದೆ ಅಂತ ನಂಬಿಕೆ. ಹಿಡಿದೆ. ಅದೇ ದಾರಿಯಲ್ಲಿ ನಡೆದೆ. ಅದೇ ಜಾಗದಲ್ಲಿ ಕಾಯಿ ಎದ್ದಿತು. ಇದನ್ನೆಲ್ಲ ಮೂಢನಂಬಿಕೆ ಅಂತ ಇಪ್ಪತ್ತು ವರ್ಷದಿಂದ ಬೈಯುತ್ತಾ ಬಂದವನು ನಾನು, ನನಗೇ ಮೈ ಜುಂ ಅಂದಿತು.

ಹಾಗಾಗಿ ‘ಅದೆಲ್ಲ ಬೂಟಾಟಿಕೆ, ಕೈ ಅಲ್ಲಾಡಿಸ್ತಾರೆ’ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವ ವಿಚಾರವಾದಿಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಕೈ ಅಲ್ಲಾಡಿಸುವುದು ನಿಜ. ಆದರೆ ಅಲ್ಲಾಡಿಸುವವನಿಗೇ ಅದು ಗೊತ್ತಿರುವುದಿಲ್ಲ. ಸ್ವಾರಸ್ಯ ಇರುವುದೇ ಅಲ್ಲಿ.

ನೀರು ನೋಡುವವರು ಕಾಫಿ ಕುಡಿಯುವಾಗ ನಾನು ಇನ್ನೊಂದು ಕೆಲಸ ಮಾಡಿದೆ. ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡೆ. ಅಣ್ಣನ ಮಗಳು ನನ್ನನ್ನು ಮೂರು ಸುತ್ತು ತಿರುಗಿಸಿ, ಭುಜ ಹಿಡಿದು ನಡೆಸಿದಳು. ಕಾಯಿ ಎದ್ದ ಕಡೆಯಲ್ಲೆಲ್ಲ ಒಂದು ಅಡಿಕೆ ಹಾಳೆ ಇಡಬೇಕು ಅಂತ ಹೇಳಿದ್ದೆ. ಐದು ಸಲ ಎದ್ದಿತು. ಟವೆಲ್ ತೆಗೆದು ನೋಡಿದರೆ ಐದು ಹಾಳೆ ಐದು ದಿಕ್ಕಿಗೆ. ಒಂದು ಗೊಬ್ಬರ ಗುಂಡಿಯ ಅಂಚಿನಲ್ಲಿತ್ತು. ಹಲಸಿನ ಮರದ ಹತ್ತಿರ ಒಂದೂ ಇಲ್ಲ.

ಕೈಯಲ್ಲಿ ಆಗುವುದು ಇಷ್ಟೇ. ಅಂಗೈ ಹಲಗೆಯ ಹಾಗೆ ಸಪಾಟಾಗಿಲ್ಲ, ಬೆರಳು ಚೂರು ಮಡಚಿದರೆ ಗುಂಡಿ ಆಗುತ್ತದೆ. ಕಾಯಿಯೂ ಚೆಂಡಿನ ಹಾಗೆ ಗುಂಡಗಿಲ್ಲ. ಬೆರಳ ತುದಿ ಒಂದಿಷ್ಟು ಮೇಲೆದ್ದರೆ ಜುಟ್ಟು ಏಳುತ್ತದೆ, ತಳ ಅಂಗೈ ಗುಂಡಿಗೆ ಜಾರುತ್ತದೆ. ಬೀಳಲು ತಯಾರಾಗಿ ಕೂತ ವಸ್ತುವಿಗೆ ದೊಡ್ಡ ತಳ್ಳು ಬೇಕಿಲ್ಲ. ಕವಲು ಕೋಲು ಹಿಡಿದು ನೀರು ನೋಡುವವರದ್ದೂ ಇದೇ ಕತೆ, ಇನ್ನೂ ಜೋರಾಗಿ. ಕೋಲಿನ ಎರಡು ಕವಲನ್ನು ಹೊರಗೆ ಬಗ್ಗಿಸಿ ಬಿಗಿಯಾಗಿ ಹಿಡಿದಿರುತ್ತಾರೆ. ಬಿಲ್ಲು ಎಳೆದು ಹಿಡಿದ ಹಾಗೆ. ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೂ ಸಾಕು, ಕೂಡಿಟ್ಟ ಬಿಗಿಯೆಲ್ಲ ಒಂದೇ ಏಟಿಗೆ ಬಿಚ್ಚಿಕೊಂಡು ಕೋಲು ಕೆಳಗೆ ಎರಗುತ್ತದೆ. ಆಷಾಢದ ಗಾಳಿಗೆ ಕೊಡೆ ಮಗುಚುವುದನ್ನು ನೋಡಿಲ್ಲವೇ? ಗಾಳಿ ಬೀಸುತ್ತಲೇ ಇರುತ್ತದೆ, ಕೊಡೆ ತಡೆಯುತ್ತಲೇ ಇರುತ್ತದೆ, ಒಂದು ಹದ ದಾಟಿದ್ದೇ ತಡ, ಫಟ್ ಅಂತ ತಲೆಕೆಳಗು. ಇಲಿ ಬೋನೂ ಹಾಗೇ, ಇಲಿ ಮುಟ್ಟುವುದು ಕೊಬ್ಬರಿ ಚೂರನ್ನು, ಬಡಿಯುವುದು ಸ್ಪ್ರಿಂಗು. ಕೋಲು ಹಿಡಿದವರ ಅಂಗೈ ತರಚುವುದೂ ಉಂಟು. ‘ನಾನು ತಡೆದರೂ ನಿಲ್ಲಲಿಲ್ಲ’ ಅಂತ ಅವರು ಹೇಳುವುದು ಸುಳ್ಳಲ್ಲ.

ಸರಿ, ಆ ಕೂದಲೆಳೆಯಷ್ಟು ತಳ್ಳು ಎಲ್ಲಿಂದ ಬಂತು? ಮನಸ್ಸಿನಿಂದ. ಒಂದು ಚಲನೆಯನ್ನು ಬರೀ ನೆನೆದರೂ ನಿರೀಕ್ಷಿಸಿದರೂ ಸ್ನಾಯು ಅದನ್ನು ಚೂರು ಮಾಡಿಯೇಬಿಡುತ್ತದೆ, ನಮ್ಮನ್ನು ಕೇಳದೆ. ಮಗುವಿಗೆ ಅನ್ನ ತಿನ್ನಿಸುವ ಅಮ್ಮ ತಾನೂ ಬಾಯಿ ತೆರೆಯುತ್ತಾಳೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಡ್ರೈವರ್ ಪಕ್ಕ ಕೂತವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಯಕ್ಷಗಾನದ ಆಟಕ್ಕೆ ಹೋದವರು ಚಂಡೆ ಏರಿದಾಗ ತಮ್ಮ ಹೆಬ್ಬೆರಳು ನೋಡಿಕೊಳ್ಳಲಿ. ತುಂಬಿದ ಲೋಟ ಹಿಡಿದವನಿಗೆ ‘ಚೆಲ್ಲೀಯೆ ಜೋಕೆ’ ಅಂದರೆ ಸಾಕು, ಚೆಲ್ಲುತ್ತಾನೆ. 1852ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ ಇದಕ್ಕೆ ‘ಐಡಿಯೋಮೋಟರ್’ ಅಂತ ಹೆಸರಿಟ್ಟ. ವಿಚಾರವೇ ಕೈ ಆಡಿಸುವುದು ಅಂತ ಅರ್ಥ. ಹೆಸರು ಅಷ್ಟೇನೂ ಚೆನ್ನಾಗಿಲ್ಲ, ಬಿಡಿ.

ಅದಕ್ಕೂ ಎಷ್ಟೋ ಮೊದಲೇ ಇದನ್ನು ಹಿಡಿದವನು ಫ್ರಾನ್ಸಿನ ಮಿಶೆಲ್ ಶೆವ್ರಲ್. ಕೊಬ್ಬು ಮತ್ತು ಸಾಬೂನಿನ ರಸಾಯನ ಬಿಡಿಸಿದ ವಿಜ್ಞಾನಿ, 102 ವರ್ಷ ಬದುಕಿದವನು, ಐಫೆಲ್ ಗೋಪುರದ ಮೇಲೆ ಹೆಸರು ಕೆತ್ತಿಸಿಕೊಂಡವನು. ದಾರಕ್ಕೆ ಕಬ್ಬಿಣದ ತುಂಡು ಕಟ್ಟಿ ಪಾದರಸದ ಮೇಲೆ ಹಿಡಿದರೆ ತಾನಾಗಿ ತೂಗುತ್ತದೆ ಅಂತ ಆಗ ಒಂದು ನಂಬಿಕೆ ಇತ್ತು. ಈತ ಹಿಡಿದ, ತೂಗಿತು. ನನ್ನ ಹಾಗೇ ಬೆಚ್ಚಿರಬೇಕು. ನಡುವೆ ಗಾಜು ಇಟ್ಟ, ನಿಂತಿತು. ಇಲ್ಲಿಗೆ ಬಿಟ್ಟಿದ್ದರೆ ‘ಗಾಜು ಶಕ್ತಿಯನ್ನು ತಡೆಯುತ್ತದೆ’ ಅಂತ ಒಂದು ಪುಸ್ತಕ ಬರೆಯಬಹುದಿತ್ತು. ಬಿಡಲಿಲ್ಲ. ತನ್ನ ಕಣ್ಣು ಕಟ್ಟಿಸಿಕೊಂಡ. ಇನ್ನೊಬ್ಬ ಹೇಳದೇ ಕೇಳದೇ ಗಾಜು ಇಡುತ್ತಾ ತೆಗೆಯುತ್ತಾ ಹೋದ. ಆಗ ಗಾಜಿಗೂ ತೂಗಾಟಕ್ಕೂ ಸಂಬಂಧವೇ ಕಾಣಲಿಲ್ಲ. ಇದನ್ನು 1833ರಲ್ಲಿ ವಿಜ್ಞಾನಿ ಆಂಪಿಯರ್‌ಗೆ ಬರೆದ ಪತ್ರವಾಗಿ ಅಚ್ಚು ಹಾಕಿಸಿದ. ನೀವೂ ಒಂದು ಉಂಗುರ ದಾರಕ್ಕೆ ಕಟ್ಟಿ, ಮೊಣಕೈ ಮೇಜಿನ ಮೇಲೆ ಊರದೆ ಹಿಡಿದು, ‘ಸುತ್ತು ಹೊಡಿ’ ಅಂತ ಮನಸ್ಸಿನಲ್ಲೇ ಅಂದುಕೊಳ್ಳಿ. ಹೊಡೆಯುತ್ತದೆ. ಹೆದರಬೇಡಿ.

ವಿಜ್ಞಾನಿ ಮೈಕೆಲ್ ಫ್ಯಾರಡೆಯದ್ದು ಇನ್ನೂ ಚೆಂದ. 1853ರಲ್ಲಿ ಲಂಡನ್ನಿನಲ್ಲಿ ಪ್ರೇತ ಕರೆಯುವ ಹುಚ್ಚು. ಮೇಜಿನ ಸುತ್ತ ಕೂತು ಕೈ ಇಟ್ಟರೆ ಮೇಜು ತಿರುಗುತ್ತಿತ್ತು. ಈತ ಕೈಗೂ ಮೇಜಿಗೂ ನಡುವೆ ಮೆತ್ತನೆ ಅಂಟು ಹಚ್ಚಿದ ರಟ್ಟುಗಳನ್ನು ಒಂದರ ಮೇಲೊಂದು ಇಟ್ಟ. ಪ್ರೇತ ಮೇಜನ್ನು ಎಳೆದಿದ್ದರೆ ಕೆಳಗಿನ ರಟ್ಟು ಮೊದಲು ಜರುಗಬೇಕಿತ್ತು. ಜರುಗಿದ್ದು ಮೇಲಿನದ್ದು. ಅಂದರೆ ಕೈ ಮೊದಲು, ಮೇಜು ಆಮೇಲೆ. ಆಮೇಲೆ ಕೈಯ ಒತ್ತಡ ತೋರಿಸುವ ಒಂದು ಮುಳ್ಳು ಜೋಡಿಸಿ ಅದು ಕೂತವರಿಗೇ ಕಾಣುವಂತೆ ಇಟ್ಟ. ಮೇಜು ಸುಮ್ನೆ ನಿಂತುಬಿಟ್ಟಿತು! ತಾವೇ ತಳ್ಳುತ್ತಿದ್ದೇವೆ ಅಂತ ಕಂಡ ಮೇಲೆ ಕೈ ತಳ್ಳಲಿಲ್ಲ.

ನೀರು ನೋಡುವವರ ಪರೀಕ್ಷೆಗಳಿಗೇನೂ ಕಡಿಮೆಯಿಲ್ಲ. 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಅರ್ಧ ಮೀಟರ್ ಆಳದಲ್ಲಿ ಪೈಪ್ ಹೂತು, ನೀರು ಹರಿಯುತ್ತಿದೆಯೋ ನಿಂತಿದೆಯೋ ಅಷ್ಟನ್ನೇ ಹೇಳಿ ಅಂದರು. ಸುಮಾರು 30 ಮಂದಿ ಬಂದಿದ್ದರು. ನಾಣ್ಯ ಚಿಮ್ಮಿದರೂ ಅಷ್ಟೇ ಸರಿ ಬರುತ್ತಿತ್ತು. ಅದಕ್ಕೂ ಮೊದಲು ಮ್ಯೂನಿಕ್‌ನಲ್ಲಿ ಒಂದು ಕೊಟ್ಟಿಗೆಯಲ್ಲಿ 43 ಪಳಗಿದವರನ್ನು ಆರಿಸಿ 843 ಸಲ ಪರೀಕ್ಷೆ ಮಾಡಿದ್ದರು. ಕೆಳಗೆ ನೀರಿನ ಪೈಪು, ಮೇಲೆ ಇವರು. ನಡೆಸಿದವರು ‘ಕೆಲವರಿಗೆ ನಿಜವಾಗಿ ಶಕ್ತಿ ಇದೆ’ ಅಂದರು. ಆಮೇಲೆ ಜಿಮ್ ಎನ್‌ರೈಟ್ ಅನ್ನುವ ವಿಜ್ಞಾನಿ ಅದೇ ಲೆಕ್ಕ ತೆಗೆದು ನೋಡಿದ. ಆ ಪಳಗಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿದವರೂ, 10 ಮೀಟರ್ ಗೆರೆಯ ನಟ್ಟನಡುವೆ ಕಣ್ಣುಮುಚ್ಚಿ ಬೆರಳಿಟ್ಟವನಿಗಿಂತ ಸರಾಸರಿ 4 ಮಿಲಿಮೀಟರ್‌ನಷ್ಟೇ ಪೈಪಿಗೆ ಹತ್ತಿರ ಬಂದಿದ್ದರು.

‘ಹಾಗಾದರೆ ನಮ್ಮೂರಲ್ಲಿ ಅಷ್ಟೊಂದು ಬೋರ್‌ಗೆ ನೀರು ಬಿದ್ದಿದೆಯಲ್ಲ ಮಾರಾಯಾ?’ ಬೀಳದೆ ಏನಾಗುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು (ನುಣುಪಾದ ಜೇಡಿ), ಆಮೇಲೆ ಕೊಳೆತ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಕೊಳೆತ ಕಲ್ಲು ಒದ್ದೆ ಸ್ಪಂಜಿನ ಹಾಗೆ ಎಲ್ಲ ಕಡೆಯೂ ನೀರು ಹಿಡಿದಿರುತ್ತದೆ. ತಗ್ಗಿನಲ್ಲಿ ಎಲ್ಲಿ ತೋಡಿದರೂ ಅಷ್ಟೋ ಇಷ್ಟೋ ಸಿಗುತ್ತದೆ. ಜನ ಅಂದುಕೊಂಡ ಹಾಗೆ ನೆಲದೊಳಗೆ ತುಂಗೆಯಂಥ ಹೊಳೆ ಓಡುತ್ತಿಲ್ಲ. ಗಟ್ಟಿ ಬಂಡೆಗೆ ಇಳಿದ ಮೇಲೆ ಮಾತ್ರ ಲೆಕ್ಕ ಬೇರೆ. ಅಲ್ಲಿ ನೀರು ಇರುವುದು ಬಿರುಕಿನಲ್ಲಿ. ಬಿರುಕು ನೆಟ್ಟಗಿದ್ದರೆ ನಾಲ್ಕಡಿ ಆಚೆ ಹೊಡೆದ ಬೋರ್‌ಗೆ ಹನಿ ನೀರೂ ಸಿಗದೇ ಇರಬಹುದು. ‘ಒಂದಡಿ ತಪ್ಪಿತು’ ಅನ್ನುವ ನೆಪಕ್ಕೆ ಭೂವಿಜ್ಞಾನವೇ ಬೆನ್ನು ಕೊಟ್ಟಂತಾಯಿತು, ಏನು ಮಾಡೋಣ.

ಯಂತ್ರ ಇಟ್ಟು ನೀರು ಹುಡುಕುವವರೇನು ದೇವರಲ್ಲ. ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಕರೆಂಟ್ ಹರಿಸಿ, ಎಷ್ಟು ಅಡ್ಡಿಯಾಗುತ್ತದೆ ಅಂತ ಅಳೆಯುತ್ತಾರೆ. ಒದ್ದೆ ಜಾಗದಲ್ಲಿ ಅಡ್ಡಿ ಕಡಿಮೆ. ಆದರೆ ಒದ್ದೆ ಶೇಡಿ ಮಣ್ಣಿನಲ್ಲೂ ಕಡಿಮೆಯೇ, ಬಾವಿಗೆ ನೀರು ಬಿಟ್ಟುಕೊಡುವ ಮಣ್ಣಲ್ಲ ಅದು. ಹಾಗಾಗಿ ಅವರೂ ಎಡವುತ್ತಾರೆ. ವ್ಯತ್ಯಾಸ ಏನು ಅಂದರೆ, ಎಲ್ಲಿ ಯಾಕೆ ಎಡವಿದೆವು ಅಂತ ಅವರು ಹುಡುಕಬಹುದು. ಆರನೇ ಶತಮಾನದ ವರಾಹಮಿಹಿರನೂ ಹುತ್ತ, ಮರ, ಮಣ್ಣು, ಕಲ್ಲು ನೋಡಿ ನೀರು ಹುಡುಕುವುದನ್ನು ಬರೆದಿಟ್ಟ. ನೇರಳೆ ಮರದ ಪೂರ್ವಕ್ಕೆ ಹುತ್ತ ಇದ್ದರೆ ಹತ್ತಿರದಲ್ಲಿ ಸಿಹಿನೀರು ಅನ್ನುತ್ತಾನೆ. ಸರಿಯೋ ತಪ್ಪೋ, ಹೋಗಿ ತೋಡಿ ನೋಡಬಹುದಾದ ಮಾತು ಅದು. ನಮ್ಮ ನೀರು ನೋಡುವವರು ಹಲಸಿನ ಮರದ ತಗ್ಗಿಗೇ ಬಂದು ನಿಂತರಲ್ಲ, ಐವತ್ತು ವರ್ಷ ನೆಲ ನೋಡಿದ ಅವರ ಕಣ್ಣಿನ ಕೆಲಸ ಅದು ಅಂತ ನನ್ನ ಗುಮಾನಿ. ಹೆಸರು ಮಾತ್ರ ಕಾಯಿಗೆ.

ಇನ್ನು ಈ ಓ ಪಾಸಿಟಿವ್. ನಮ್ಮ ಕಡೆ ಅದೇ ಎಲ್ಲಕ್ಕಿಂತ ಜಾಸ್ತಿ ಕಾಣುವ ಗುಂಪು, ಯಾರನ್ನು ಕೇಳಿದರೂ ಸಿಗುತ್ತಾರೆ. ರಕ್ತದ ಪಾಸಿಟಿವ್‌ಗೂ ಬ್ಯಾಟರಿಯ ಪಾಸಿಟಿವ್‌ಗೂ ಏನೇನೂ ಸಂಬಂಧ ಇಲ್ಲ. ಕೆಂಪು ಕಣದ ಮೇಲೆ ಒಂದು ಪ್ರೋಟೀನು ಇದೆ ಅಂತ ಅಷ್ಟೇ ಅರ್ಥ. ಕಾಯಿಯೊಳಗಿನ ನೀರು ನೆಲದ ನೀರನ್ನು ಕರೆಯುತ್ತದೆ ಅನ್ನುವವರು ಶಿವಮೊಗ್ಗದ ತುಂಗಾ ಸೇತುವೆ ಮೇಲೆ, ಯಾವ ಊರು ಯಾವ ಜಾಗ ಅಂತ ಗೊತ್ತಿಲ್ಲದವನ ಕಣ್ಣು ಕಟ್ಟಿ ಕಾಯಿ ಹಿಡಿಸಲಿ. ಅಷ್ಟು ನೀರಿಗಿಂತ ಇನ್ನೇನು ಬೇಕು?

ಇದೆಲ್ಲ ತಮಾಷೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಅನ್ನುವವನು ಇದೇ ತಿರುಗುವ ಕಡ್ಡಿಗೆ ಪ್ಲಾಸ್ಟಿಕ್ ಹಿಡಿ ಹಾಕಿ, ಬಾಂಬ್ ಪತ್ತೆ ಯಂತ್ರ ಅಂತ ಇರಾಕ್‌ಗೆ ಮಾರಿದ. ಅದರ ಮೂಲ ಗಾಲ್ಫ್ ಚೆಂಡು ಹುಡುಕುವ ಆಟಿಕೆ. ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. ಬಾಗ್ದಾದಿನ ತಪಾಸಣೆ ಕಟ್ಟೆಗಳಲ್ಲಿ ಸೈನಿಕರು ಅದನ್ನು ಹಿಡಿದು ನಿಲ್ಲುತ್ತಿದ್ದರು, ಕಡ್ಡಿ ಅಲ್ಲಾಡದಿದ್ದರೆ ಗಾಡಿ ಒಳಗೆ. 2013ರಲ್ಲಿ ಅವನಿಗೆ 10 ವರ್ಷ ಶಿಕ್ಷೆ ಆಯಿತು. ಹಿಡಿದು ನಿಂತ ಸೈನಿಕರಿಗೆ ಕಡ್ಡಿ ನಿಜವಾಗಿ ತಿರುಗುವುದು ಕಾಣುತ್ತಿತ್ತು ಅನ್ನುವುದನ್ನು ಮರೆಯಬೇಡಿ. ನನ್ನ ಅಂಗೈಯ ಕಾಯಿಯ ಹಾಗೇ.

ನೀವು ನಿಮ್ಮ ತೋಟದಲ್ಲಿ ಪರೀಕ್ಷೆ ಮಾಡುವುದಾದರೆ ಒಂದು ಎಚ್ಚರ. ಕಣ್ಣು ಕಟ್ಟಿದವರನ್ನು ನಡೆಸುವವರಿಗೂ ಪಾಯಿಂಟ್ ಎಲ್ಲಿ ಅಂತ ಗೊತ್ತಿರಬಾರದು. ಗೊತ್ತಿದ್ದರೆ ಭುಜ ಹಿಡಿದ ಕೈಯೇ ಹೇಳಿಬಿಡುತ್ತದೆ. ಅಣ್ಣನ ಮಗಳನ್ನು ನಾನು ಆರಿಸಿದ್ದು ಅದಕ್ಕೇ. ಅವಳು ಆಗಷ್ಟೇ ಶಾಲೆಯಿಂದ ಬಂದಿದ್ದಳು, ಹಲಸಿನ ಮರದ ಸಂಗತಿ ಗೊತ್ತಿರಲಿಲ್ಲ.

ಆವತ್ತು ಕಾಫಿ ಮುಗಿಸಿ ಬಂದ ನೀರು ನೋಡುವವರು ತಾವೂ ಟವೆಲ್ ಕಟ್ಟಿಸಿಕೊಂಡರು. ದೊಡ್ಡ ಮನಸ್ಸು. ಅವರ ಹಾಳೆಗಳೂ ಚೆಲ್ಲಾಪಿಲ್ಲಿಯಾದವು. ಸ್ವಲ್ಪ ಹೊತ್ತು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ‘ಕಣ್ಣು ಕಟ್ಟಿದರೆ ಶಕ್ತಿ ಹರಿಯುವುದಿಲ್ಲ’ ಅಂದರು. ಅಪ್ಪಯ್ಯ ಹೌದು ಅನ್ನುವಂತೆ ತಲೆ ಹಾಕಿದರು. ಮೂರನೇ ಬೋರ್ ಹಲಸಿನ ಮರದ ಹತ್ತಿರವೇ ಕೊರೆಸಿದ್ದಾಯಿತು. ಒಂದೂಕಾಲು ಇಂಚು ನೀರು ಬಿತ್ತು.

ಈ ವರ್ಷ ಕೆಳಗಿನ ತೋಟಕ್ಕೆ ನಾಲ್ಕನೆಯದು. ಮೊನ್ನೆ ಅಪ್ಪಯ್ಯನ ಫೋನ್ ಬಂತು. ‘ಶನಿವಾರ ನೀರು ನೋಡೋರು ಬರ್ತಾರೆ. ನೀನು ಭಾನುವಾರ ಬಾ ಮಾರಾಯ. ನೀನಿದ್ರೆ ಕಾಯಿ ಏಳಲ್ಲ.’