ಪ್ರಾರ್ಥನೆಯ ಜೊತೆಗೆ ಬಾಗಿಲೂ ತೆರೆಯಲಿ

ಸತ್ಯವೇದ ಪಾಠದ ಕೂಟಗಳಲ್ಲಿ ಸಭೆಯವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: “ಅಯ್ಯನವರೇ, ನಂಬಿಕೆಯ ಕಾರಣಕ್ಕೆ ಹಿಂಸೆಗೆ ಸಿಕ್ಕವರಿಗಾಗಿ ಪ್ರಾರ್ಥನೆ ಮಾಡ್ತಾನೇ ಇದ್ದೀವಿ. ನಮ್ಮಂಥವರ ಕೈಲಿ ಅದಕ್ಕಿಂತ ಜಾಸ್ತಿ ಏನಾಗುತ್ತೆ?” ಆಗ ನಾನು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ ಫ್ರಾನ್ಸಿನ ಲೆ ಶಾಂಬೋನ್ ಎಂಬ ಬೆಟ್ಟದೂರಿನ ವಿಷಯ ಹೇಳುತ್ತೇನೆ. ಅಲ್ಲಿದ್ದವರೂ ಹೊಲ, ದನ ಅಂತ ಬದುಕುತ್ತಿದ್ದ ಜನವೇ.

1940ರ ಜೂನ್ 22ರಂದು ಸೋತ ಫ್ರಾನ್ಸ್ ಹಿಟ್ಲರನ ಜರ್ಮನಿ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಮಾರನೆಯ ದಿನ ಭಾನುವಾರ. ಆ ಊರಿನ ಪಾಸ್ಟರ್ ಆಂಡ್ರೆ ಟ್ರೋಕ್ಮೆ ಮತ್ತು ಅವರ ಜೊತೆಗಾರ ಎಡ್ವಾರ್ ತೈಸ್ ಸಭೆಗೆ ನೇರವಾಗಿ ಹೇಳಿದರು: ಸುವಾರ್ತೆಗೆ ವಿರುದ್ಧವಾದದ್ದನ್ನು ಮಾಡಿ ಅಂದರೆ ಮಾಡಬೇಡಿ, ಆತ್ಮದ ಆಯುಧಗಳಿಂದ ಎದುರಿಸಿ. ಹೆದರಬೇಡಿ, ದ್ವೇಷವನ್ನೂ ಇಟ್ಟುಕೊಳ್ಳಬೇಡಿ.

ಪ್ರಸಂಗ ಅಲ್ಲಿಗೇ ಮುಗಿದಿದ್ದರೆ ಇವತ್ತು ಯಾರೂ ಅದನ್ನು ನೆನೆಯುತ್ತಿರಲಿಲ್ಲ. ಟ್ರೋಕ್ಮೆ ಆಗಲೇ ಸಭೆಯ ಕಿರಿಯರನ್ನು ಆಗಾಗ ಕೂರಿಸಿಕೊಂಡು ವಾಕ್ಯ ಕಲಿಸುತ್ತಿದ್ದರು. ಅವರು ತಮ್ಮ ತಮ್ಮ ಕೇರಿಗೆ, ಹಳ್ಳಿಗೆ ಹೋಗಿ ಅದೇ ಪಾಠ ನಡೆಸುತ್ತಿದ್ದರು. ಯಹೂದಿ ನಿರಾಶ್ರಿತರು ಬರತೊಡಗಿದಾಗ ಈ ಕೂಟಗಳೇ ಕೆಲಸಕ್ಕೆ ಬಂದವು. ಯಾವ ಮನೆಯಲ್ಲಿ ಜಾಗ ಇದೆ, ಯಾರು ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಕಷ್ಟ ಬಂದ ಮೇಲೆ ಅವರು ಹೊಸದಾಗಿ ಸಂಘ ಕಟ್ಟಲಿಲ್ಲ, ಮನೆಕೂಟಗಳು ಮೊದಲೇ ಇದ್ದವು.

1942ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಪೊಲೀಸರೇ ಸುಮಾರು 13,000 ಯಹೂದಿಗಳನ್ನು ಹಿಡಿದರು. ಆಗಸ್ಟಿನಲ್ಲಿ, ಜರ್ಮನಿಗೆ ಬಗ್ಗಿ ನಡೆಯುತ್ತಿದ್ದ ಫ್ರೆಂಚ್ ಸರ್ಕಾರದ ಒಬ್ಬ ಮಂತ್ರಿ ಲೆ ಶಾಂಬೋನ್‌ಗೆ ಬಂದರು. ಅಲ್ಲಿನ ಶಾಲೆಯ ವಿದ್ಯಾರ್ಥಿಗಳು ಅವರ ಕೈಗೇ ಪತ್ರ ಕೊಟ್ಟರು: ನಮ್ಮಲ್ಲಿ ಯಹೂದಿಗಳಿದ್ದಾರೆ, ಅವರನ್ನು ಹಿಡಿಯಲು ಬಂದರೆ ಬಚ್ಚಿಡುತ್ತೇವೆ. ಸ್ವಲ್ಪ ದಿನಕ್ಕೆ ಪೊಲೀಸರು ಬಸ್ಸುಗಳಲ್ಲಿ ಬಂದು ಯಹೂದಿಗಳ ಪಟ್ಟಿ ಕೇಳಿದರು. ಟ್ರೋಕ್ಮೆ ಕೊಡಲಿಲ್ಲ. ಅಡಗಿದ್ದ ಯಹೂದಿಗಳು ಕಾಡಿಗೆ, ದೂರದ ತೋಟದ ಮನೆಗಳಿಗೆ ಹೋಗಿಯಾಗಿತ್ತು.

ಆ ಜನಕ್ಕೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಅವರು ಹ್ಯೂಗೆನಾಟ್ ಎಂಬ ಪ್ರಾಟೆಸ್ಟೆಂಟರ ವಂಶದವರು. 1685ರಲ್ಲಿ ರಾಜ ಅವರ ಆರಾಧನೆಯನ್ನೇ ನಿಷೇಧಿಸಿದ್ದ. ಮಾರಿ ದ್ಯುರಾಂ ಎಂಬ ಹೆಣ್ಣುಮಗಳು ನಂಬಿಕೆ ಬಿಡದೆ 1730ರಿಂದ 1768ರವರೆಗೆ, 38 ವರ್ಷ ಒಂದು ಗೋಪುರದಲ್ಲಿ ಸೆರೆಯಲ್ಲಿದ್ದಳು. ಅಲ್ಲಿನ ಕಲ್ಲಿನಲ್ಲಿ ‘ಎದುರಿಸಿ ನಿಲ್ಲಿ’ ಎಂದು ಕೊರೆದದ್ದು ಈಗಲೂ ಇದೆ. ತಮ್ಮ ಹಿರಿಯರು ಪಟ್ಟ ಪಾಡನ್ನು ಲೆ ಶಾಂಬೋನ್‌ನವರು ಬೇರೆ ನಂಬಿಕೆಯವರ ಮುಖದಲ್ಲಿ ಕಂಡರು. ನಮ್ಮ ಸಭೆಗಳಿಗೆ ನಾನು ಬೇಡಿಕೊಳ್ಳುವುದೂ ಅದನ್ನೇ. ನಮ್ಮ ದೇವಾಲಯಕ್ಕೆ ಕಲ್ಲು ಬಿದ್ದಾಗ ಮಾತ್ರ ಕೂಗಿ, ಪಕ್ಕದ ಬೀದಿಯಲ್ಲಿ ಇನ್ನೊಬ್ಬರ ಮನೆಗೆ ಬಿದ್ದಾಗ ಸುಮ್ನಿದ್ದರೆ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಪರರವನನ್ನು ಆರೈಕೆ ಮಾಡಿದ ಸಮಾರ್ಯದವನ ಕಥೆಯನ್ನು ನಾವು ಓದಿದ್ದಾದರೂ ಯಾಕೆ?

ಇಲ್ಲಿ ಹಿರಿಯರು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೆಗೆಯುತ್ತಾರೆ. ಅಧಿಕಾರಿಗಳಿಗೆ ಅಧೀನರಾಗಿರಬೇಕಲ್ವಾ? ಹೌದು. ಆದರೆ ಅದೇ ಸತ್ಯವೇದದಲ್ಲಿ, ಅಪೊಸ್ತಲರ ಕೃತ್ಯಗಳು 5ರಲ್ಲಿ, ಪೇತ್ರ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಮುಂದೆ ನಿಂತು ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಎನ್ನುತ್ತಾನೆ. ಪೌಲನೂ ರೋಮಿನ ಪೌರ ಎಂಬ ತನ್ನ ಹಕ್ಕನ್ನು ಬಿಟ್ಟುಕೊಡದೆ ಕೈಸರನಿಗೆ ಅಪೀಲು ಮಾಡಿದ. ಕಾನೂನಿನ ದಾರಿ ಹಿಡಿಯುವುದು ನಂಬಿಕೆ ಕಡಿಮೆ ಇರುವುದರ ಗುರುತಲ್ಲ.

ಇದಕ್ಕೆ ಬೆಲೆ ಇದೆ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ನಿರಾಶ್ರಿತ ಮಕ್ಕಳನ್ನು, ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತಿದ್ದ ಪಾಸ್ಟರರ ಬಂಧು ಡಾನಿಯಲ್ ಟ್ರೋಕ್ಮೆಯನ್ನು 1943ರಲ್ಲಿ ಜರ್ಮನ್ ಪೊಲೀಸರು ಆ ವಿದ್ಯಾರ್ಥಿಗಳ ಜೊತೆಗೇ ಹಿಡಿದೊಯ್ದರು. 1944ರಲ್ಲಿ ಡಾನಿಯಲ್ ಮೈದಾನೆಕ್ ಎಂಬ ನಾಜಿಗಳ ಸೆರೆಶಿಬಿರದಲ್ಲಿ ತೀರಿಕೊಂಡರು.

ನಮ್ಮ ನೆಲದಲ್ಲಿ ಕೆಲಸ ಬೇರೆ ಥರದ್ದು, ಸಿದ್ಧತೆ ಮಾತ್ರ ಅದೇ. ನಿಮ್ಮ ಮನೆಕೂಟದಲ್ಲಿ ಈ ವಾರವೇ ಮಾತಾಡಿ. ರಾತ್ರಿ ಒಂದು ಕುಟುಂಬ ಓಡಿ ಬಂದರೆ ಯಾರ ಮನೆಯಲ್ಲಿ ಮಲಗಿಸುತ್ತೀರಿ? ಮಕ್ಕಳ ಶಾಲೆಯ ವಿಷಯ ಯಾರು ನೋಡುತ್ತಾರೆ? ಗಾಯವಾಗಿದ್ದರೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿ ಜೋಪಾನವಾಗಿಡಿ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಎಫ್‌ಐಆರ್ ಪ್ರತಿಯನ್ನು ಪೊಲೀಸರು ದುಡ್ಡಿಲ್ಲದೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ನೊಂದವರನ್ನು ಠಾಣೆಗೆ ಒಬ್ಬರನ್ನೇ ಕಳಿಸಬೇಡಿ, ಸಭೆಯ ಇಬ್ಬರಾದರೂ ಜೊತೆಗೆ ಹೋಗಿ. ಅವರು ಯಾವ ದೇವರಿಗೆ ಕೈ ಮುಗಿಯುತ್ತಾರೆ ಅಂತ ಕೇಳುವ ಅಗತ್ಯವಿಲ್ಲ.