ಹಳೇ ಗೇರ್ ಸೈಕಲ್ಲನ್ನು ಸಿಂಗಲ್ ಸ್ಪೀಡ್ ಮಾಡಬಹುದೇ?

ಪ್ರಶ್ನೆ: ಗೇರ್ ಕೆಟ್ಟು ಮೂಲೆ ಸೇರಿದ ಸೈಕಲ್ಲೊಂದಿದೆ, ಫ್ರೇಮ್ ಮಾತ್ರ ಗಟ್ಟಿಮುಟ್ಟಾಗಿದೆ. ಊರೊಳಗಿನ ಓಡಾಟಕ್ಕೆ ಸಿಂಗಲ್ ಸ್ಪೀಡ್ ಮಾಡಿಕೊಳ್ಳೋಣ ಅಂತ. ಗೇರ್ ಸಾಮಾನೆಲ್ಲ ಬಿಚ್ಚಿ ಚೈನನ್ನು ಅಳತೆಗೆ ತುಂಡು ಮಾಡಿ ಹಾಕಿದರೆ ಸಾಕಲ್ಲವೇ? ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು ಇರಬೇಕು?

ಉತ್ತರ: ಸಾಕೋ ಸಾಲದೋ ಅನ್ನುವುದನ್ನು ಹಿಂದಿನ ಚಕ್ರದ ಆಕ್ಸಲ್ ಕೂರುವ ಕಚ್ಚು, ಅಂದರೆ ಡ್ರಾಪ್‌ಔಟ್, ಹೇಳುತ್ತದೆ. ಒಂದು ಸಾಮಾನನ್ನೂ ಕೊಳ್ಳುವ ಮೊದಲು ಸೈಕಲ್ಲನ್ನು ತಲೆಕೆಳಗೆ ಮಾಡಿ ಅದನ್ನೇ ನೋಡಿ. ಗೇರ್ ಸೈಕಲ್ಲಿನಲ್ಲಿ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ತೋಳು, ತನ್ನ ಸ್ಪ್ರಿಂಗಿನಿಂದ ಚೈನನ್ನು ಸದಾ ಎಳೆದು ಹಿಡಿದಿರುತ್ತದೆ. ಅದನ್ನು ಬಿಚ್ಚಿದಿರೋ, ಚೈನ್ ಬಿಗಿ ಮಾಡಲು ಇರುವ ಸಹಜ ದಾರಿ ಚಕ್ರವನ್ನೇ ಹಿಂದಕ್ಕೆ ಸರಿಸುವುದು. ಕಚ್ಚು ಅಡ್ಡಕ್ಕಿದ್ದರೆ ಚಕ್ರ ಸರಿಯುತ್ತದೆ, ಕೆಲಸ ಸುಲಭ. ಕಚ್ಚು ನೇರ ಕೆಳಮುಖವಾಗಿದ್ದರೆ ಆಕ್ಸಲ್‌ಗೆ ಒಂದೇ ಜಾಗ. ಆಗ ಅಂದಾಜಿಗೆ ಕತ್ತರಿಸಿದ ಚೈನ್ ಒಂದೋ ಜೋಲುತ್ತದೆ, ಇಲ್ಲವೋ ಕೂರುವುದೇ ಇಲ್ಲ. ಹಳೆಯ ಉಕ್ಕಿನ ರೋಡ್ ಸೈಕಲ್ಲುಗಳಲ್ಲಿ ಅಡ್ಡ ಕಚ್ಚು ಸಾಮಾನ್ಯ, ಇತ್ತೀಚಿನ ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಬಹುಮಟ್ಟಿಗೆ ನೇರ ಕಚ್ಚು. ಆಯ್ಕೆ ಇನ್ನೂ ಕೈಯಲ್ಲಿದ್ದರೆ, ಅಂದವಾದ ಅಲ್ಯೂಮಿನಿಯಂ ಫ್ರೇಮನ್ನು ಬಿಟ್ಟು ಬಣ್ಣ ಹೋದ ಉಕ್ಕಿನದನ್ನೇ ಆರಿಸಿ.

ನೇರ ಕಚ್ಚಿದ್ದರೂ ಕೈಬಿಡಬೇಕಿಲ್ಲ. ಚೈನ್ ಟೆನ್ಷನರ್ ಎಂಬ ಪುಟ್ಟ ಉರುಳೆಯ ತೋಳನ್ನು ಡಿರೇಲರ್ ಇದ್ದ ಜಾಗಕ್ಕೇ ತಿರುಪಿ ಹಾಕಬಹುದು. ಅದಕ್ಕೂ ಖರ್ಚು ಬೇಡವೆಂದರೆ ಹಳೆಯ ಡಿರೇಲರನ್ನೇ ಉಳಿಸಿಕೊಳ್ಳಿ: ಕೇಬಲ್ ತೆಗೆದುಹಾಕಿ, ಅದು ಸರಿಯುವ ದೂರಕ್ಕೆ ತಡೆ ಹಾಕುವ ಮಿತಿ ಸ್ಕ್ರೂ ತಿರುಗಿಸುತ್ತಾ ಮೇಲಿನ ಉರುಳೆ ಸ್ಪ್ರಾಕೆಟ್ಟಿನ (ಹಿಂದಿನ ಹಲ್ಲುಚಕ್ರದ) ನೇರಕ್ಕೆ ಬಂದಾಗ ನಿಲ್ಲಿಸಿ. ಸ್ಕ್ರೂ ಅಷ್ಟು ದೂರ ಮುಟ್ಟದಿದ್ದರೆ ಕೇಬಲ್ಲಿನದೇ ಒಂದು ತುಂಡನ್ನು ಅಡ್ಜಸ್ಟರಿನ ಮೂಲಕ ತೂರಿಸಿ, ಎಳೆದು ಕಚ್ಚಿಸಿಬಿಟ್ಟರಾಯಿತು. ನೋಡಲು ಚೆಂದವಿಲ್ಲ, ಕೆಲಸ ಮಾತ್ರ ಅಚ್ಚುಕಟ್ಟು.

ನೇರ ಕಚ್ಚಿಗೆ ಟೆನ್ಷನರ್ ಇಲ್ಲದೆಯೇ ಸರಿಹೊಂದುವ ಹಲ್ಲುಗಳ ಜೋಡಿ ಹುಡುಕುವ ಹುಚ್ಚು ಕೆಲವರಿಗಿದೆ. ಸಿಗುತ್ತದೆ ಕೂಡ, ಆದರೆ ಚೈನ್ ಹೊಸದಿರುವ ತನಕ. ನೂರು ಕೊಂಡಿಯ ಚೈನ್ 1,270 ಮಿ.ಮೀ. ಉದ್ದ. ಸವೆದು ಶೇ. 0.5ರಷ್ಟು ಹಿಗ್ಗಿತೆಂದರೆ ಆರು ಮಿ.ಮೀ. ಹೆಚ್ಚುವರಿ ಬಂತು. ತುಳಿಯುವಾಗ ಮೇಲಿನ ಸಾಲು ಬಿಗಿಯಾಗಿರುವುದರಿಂದ ಅದಷ್ಟೂ ಕೆಳಗಿನ ಸಾಲಿಗೆ ಬಂದು, ಚೈನ್ ಒಂದು ಇಂಚಿಗೂ ಮೀರಿ ಜೋಲುತ್ತದೆ. ಅಷ್ಟು ಜೋಲಿದ ಚೈನ್ ಗುಂಡಿ ಹಾರಿಸಿದಾಗ ಬಿದ್ದೇ ಬೀಳುತ್ತದೆ.

ಹಲ್ಲಿನ ಲೆಕ್ಕ

ಇದಕ್ಕೆ ಉತ್ತರ ನಿಮ್ಮ ಗೇರ್ ಸೈಕಲ್ಲಿನಲ್ಲೇ ಇದೆ, ಬಿಚ್ಚುವ ಆತುರ ಬೇಡ. ಗೇರ್ ಅಲ್ಪಸ್ವಲ್ಪ ಕೆಲಸ ಮಾಡುತ್ತಿದ್ದರೂ ಸಾಕು: ಒಂದು ಗೇರಿಗೆ ಹಾಕಿ, ಶಿಫ್ಟರ್ ಮುಟ್ಟದೆ ಒಂದು ವಾರ ನಿಮ್ಮ ದಿನದ ದಾರಿಯಲ್ಲೇ ಓಡಾಡಿ. ಏರಿನಲ್ಲಿ ಎದ್ದು ನಿಂತು ತುಳಿದರೂ ಸಾಗದಿದ್ದರೆ ಒಂದು ಗೇರ್ ಹಗುರಕ್ಕೆ ಬನ್ನಿ. ಸಮತಟ್ಟಿನಲ್ಲಿ ಕಾಲು ಗಿರಗಿರ ತಿರುಗಿ ಸೀಟಿನ ಮೇಲೆ ಕುಪ್ಪಳಿಸುವಂತಾದರೆ ಒಂದು ಗೇರ್ ಭಾರಕ್ಕೆ ಹೋಗಿ. ಕೊನೆಗೆ ನಿಂತ ಗೇರಿನ ಮುಂದಿನ ಹಲ್ಲು, ಹಿಂದಿನ ಹಲ್ಲು ಎಣಿಸಿ ಬರೆದುಕೊಳ್ಳಿ.

ಆ ಪ್ರಯೋಗ ಸಾಧ್ಯವಿಲ್ಲದವರು 42/18ರಿಂದ, ಅಂದರೆ ಮುಂದೆ 42 ಹಿಂದೆ 18 ಹಲ್ಲಿನಿಂದ, ಶುರುಮಾಡಬಹುದು. 700 ಸಿ (ರೋಡ್ ಸೈಕಲ್ಲುಗಳ ಸಾಮಾನ್ಯ ಅಳತೆ) ಚಕ್ರಕ್ಕೆ 28 ಮಿ.ಮೀ. ಟೈರ್ ಇದ್ದರೆ ಚಕ್ರದ ಒಂದು ಸುತ್ತಿಗೆ ಸುಮಾರು 2.13 ಮೀಟರ್. 42ನ್ನು 18ರಿಂದ ಭಾಗಿಸಿದರೆ 2.33, ಅಂದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. ವೇಗ. 44/16 ಹಾಕಿದರೆ ಅದೇ ತುಳಿತಕ್ಕೆ 28 ಕಿ.ಮೀ. ಸಿಗುತ್ತದೆ. ಕಾಗದದ ಮೇಲೆ ಎರಡನೆಯದೇ ಚೆಂದ. ಆದರೆ ಊರೊಳಗೆ ಸೈಕಲ್ಲಿಗೆ ಪರೀಕ್ಷೆ ಒಡ್ಡುವುದು ಸಿಗ್ನಲ್ಲು. ನಿಂತಲ್ಲಿಂದ ಮತ್ತೆ ಮತ್ತೆ ಹೊರಡಬೇಕು, ಹೊರಟ ಪ್ರತಿ ಸಲವೂ ಭಾರದ ಗೇರ್ ಮಂಡಿಯ ಮೇಲೆ ಬೀಳುತ್ತದೆ. ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಭಾರದ ಗೇರ್ ಆರಿಸುವುದೇ, ಹಗುರದ್ದಲ್ಲ. ಏರುತಗ್ಗಿನ ಊರಿಗೆ 42/20 ಕೂಡ ನಾಚಿಕೆಯ ಸಂಗತಿಯಲ್ಲ. 26 ಇಂಚಿನ ಚಕ್ರವಾದರೆ ಒಂದು ಸುತ್ತಿಗೆ ಸುಮಾರು 2.05 ಮೀಟರ್. ಅದಕ್ಕೆ 36/16 ಒಳ್ಳೆಯ ಆರಂಭ, 80 ಸುತ್ತಿಗೆ ಗಂಟೆಗೆ 22 ಕಿ.ಮೀ.

ಬದಲಿಸಬೇಕೆನಿಸಿದರೆ ಹಿಂದಿನದನ್ನೇ ಬದಲಿಸಿ. ಹಿಂದೆ ಒಂದು ಹಲ್ಲು ಹೆಚ್ಚುಕಡಿಮೆಯಾದರೆ ಮುಂದೆ ಎರಡೂವರೆ ಮೂರು ಹಲ್ಲು ಬದಲಿಸಿದಷ್ಟು ಪರಿಣಾಮ, ಖರ್ಚೂ ಕಡಿಮೆ. ಒಂದು ಹಲ್ಲಿಗೆ ಆಕ್ಸಲ್ ಸುಮಾರು 3 ಮಿ.ಮೀ. ಸರಿಯುತ್ತದೆ, ಹಾಗಾಗಿ ಅಡ್ಡ ಕಚ್ಚಿನಲ್ಲಿ 16ರಿಂದ 18ಕ್ಕೆ ಅದೇ ಚೈನಿನಲ್ಲಿ ಹೋಗಬಹುದು. ಎರಡೂ ಕಡೆಯ ಹಲ್ಲುಗಳ ಮೊತ್ತ ಒಂದೇ ಇದ್ದರೆ, ಉದಾಹರಣೆಗೆ 44/16 ಮತ್ತು 42/18, ಆಕ್ಸಲ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಚೈನಿನ ನೇರ

ಮನೆಯಲ್ಲಿ ಮಾಡಿದ ಸಿಂಗಲ್ ಸ್ಪೀಡುಗಳು ಕೆಡುವುದು ಬಹುಪಾಲು ಇಲ್ಲೇ. ಮುಂದಿನ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, ಮತ್ತು ಹಿಂದಿನ ಸ್ಪ್ರಾಕೆಟ್ ಒಂದೇ ನೇರದಲ್ಲಿರಬೇಕು. ಕಣ್ಣಂದಾಜು ಮೋಸ ಮಾಡುತ್ತದೆ, ಅಳೆಯಿರಿ. ಮುಂದೆ: ಸೀಟ್ ಟ್ಯೂಬಿನ ಬದಿಯಿಂದ ಚೈನ್‌ರಿಂಗಿನ ಹಲ್ಲಿನ ಮಧ್ಯಕ್ಕೆ ಎಷ್ಟಿದೆಯೋ ಅದಕ್ಕೆ ಟ್ಯೂಬಿನ ದಪ್ಪದ ಅರ್ಧ ಸೇರಿಸಿ. ಹಿಂದೆ: ಎರಡು ಡ್ರಾಪ್‌ಔಟುಗಳ ಒಳಮೈಗಳ ನಡುವಿನ ಅಂತರದ ಅರ್ಧದಿಂದ, ಬಲ ಡ್ರಾಪ್‌ಔಟಿನ ಒಳಮೈಯಿಂದ ಸ್ಪ್ರಾಕೆಟ್ಟಿನ ಹಲ್ಲಿಗಿರುವ ದೂರ ಕಳೆಯಿರಿ. ಅಂತರ 130 ಮಿ.ಮೀ. ಇದ್ದು ದೂರ 22 ಬಂದರೆ 65ರಲ್ಲಿ 22 ಹೋಗಿ 43. ಮುಂದಿನ ಅಳತೆಯೂ 43ರ ಆಸುಪಾಸಿನಲ್ಲಿ ಬರಬೇಕು. ವ್ಯತ್ಯಾಸ 1 ಮಿ.ಮೀ. ಒಳಗಿದ್ದರೆ ಸದ್ದೇ ಇರುವುದಿಲ್ಲ, 2 ಮಿ.ಮೀ. ತನಕ ನಡೆದೀತು. ಅದಕ್ಕಿಂತ ಹೆಚ್ಚಾದರೆ ಗೊರಗೊರ ಶುರು, ಆಮೇಲೆ ಚೈನ್ ಬೀಳುವುದು ಶುರು.

ಸರಿಪಡಿಸುವ ಬಗೆ ಹಿಂದಿನ ಚಕ್ರದ ನಡುಭಾಗವಾದ ಹಬ್‌ನ ಮೇಲೆ ನಿಂತಿದೆ. ಸ್ಪ್ರಾಕೆಟ್ಟುಗಳ ಗೊಂಚಲು (ಕ್ಯಾಸೆಟ್) ಜಾರಿಸಿ ಕೂರಿಸುವಂಥ ಕ್ಯಾಸೆಟ್ ಹಬ್ ಇದ್ದರೆ ನೀವು ಅದೃಷ್ಟವಂತರು. ಹಳೆಯ ಕ್ಯಾಸೆಟ್ ತೆಗೆದು, ಒಂದು ಸ್ಪ್ರಾಕೆಟ್ ಮತ್ತು ಎರಡೂ ಪಕ್ಕಕ್ಕೆ ಸ್ಪೇಸರ್ ಬಳೆಗಳನ್ನು ಹಾಕಿ, ಬಳೆಗಳನ್ನು ಆಚೀಚೆ ಮಾಡುತ್ತಾ ನೇರಕ್ಕೆ ತರಬಹುದು. ಬುಡ ಅಗಲವಿರುವ ಸ್ಪ್ರಾಕೆಟ್ಟನ್ನೇ ಕೊಳ್ಳಿ. ತೆಳು ತಗಡಿನದು ಅಲ್ಯೂಮಿನಿಯಂ ಫ್ರೀಹಬ್‌ನ (ಹಬ್‌ನಲ್ಲಿ ಸ್ಪ್ರಾಕೆಟ್ ಕೂರುವ ಭಾಗದ) ಏಣುಗಳನ್ನು ಕಚ್ಚಿ ತಿಂದುಬಿಡುತ್ತದೆ.

ಸ್ಪ್ರಾಕೆಟ್ಟುಗಳ ಸಮೇತ ತಿರುಪಿ ಹಾಕುವ ಫ್ರೀವೀಲ್ ಇರುವ ಹಳೆಯ ಹಬ್ ಆದರೆ ಕೆಲಸ ಸ್ವಲ್ಪ ಜಾಸ್ತಿ. ಸಿಂಗಲ್ ಫ್ರೀವೀಲೂ ಸಾಮಾನ್ಯವಾಗಿ ಅದೇ ತಿರುಪಿಗೇ ಕೂರುತ್ತದೆ. ಆದರೆ ಐದಾರು ಸ್ಪ್ರಾಕೆಟ್ಟುಗಳಿಗೆಂದು ಬಲಗಡೆ ಬಿಟ್ಟ ಜಾಗ ಖಾಲಿ ಉಳಿದು, ಚೈನ್ ಒಳಕ್ಕೆ ವಾಲುತ್ತದೆ. ಆಕ್ಸಲ್ಲಿನ ಬಲಗಡೆಯ ಸ್ಪೇಸರುಗಳಲ್ಲಿ ಕೆಲವನ್ನು ಎಡಗಡೆಗೆ ಹಾಕಿದರೆ ಹಬ್ ಬಲಕ್ಕೆ ಸರಿಯುತ್ತದೆ. ರಿಮ್ಮೂ ಜೊತೆಗೇ ಸರಿಯುವುದರಿಂದ ಬಲಗಡೆಯ ಕಡ್ಡಿಗಳನ್ನು ಸಡಿಲಿಸಿ, ಎಡಗಡೆಯವನ್ನು ಬಿಗಿದು ರಿಮ್ಮನ್ನು ಮಧ್ಯಕ್ಕೆ ತರಬೇಕು. ಎರಡೂ ಕಡೆಯ ಕಡ್ಡಿಗಳ ಬಿಗಿ ಸಮೀಪಕ್ಕೆ ಬಂದು ಚಕ್ರ ಮೊದಲಿಗಿಂತ ಗಟ್ಟಿಯಾಗುತ್ತದೆ ಅನ್ನುವುದು ಇದರ ಲಾಭ. ಫ್ರೀವೀಲ್ ಹಾಕುವಾಗ ತಿರುಪಿಗೆ ಗ್ರೀಸ್ ಮರೆಯಬೇಡಿ. ತುಳಿದಷ್ಟೂ ಅದು ಬಿಗಿಯುತ್ತಲೇ ಹೋಗುತ್ತದೆ, ಒಣ ತಿರುಪಿನದನ್ನು ಬಿಚ್ಚುವ ದಿನ ಬೆಂಚಿನ ವೈಸ್ ಬೇಕಾದೀತು.

ಮುಂದೆ ಒಂದೇ ಚೈನ್‌ರಿಂಗ್ ಉಳಿಸಿಕೊಂಡಾಗ ಹಳೆಯ ಬೋಲ್ಟುಗಳು ಉದ್ದವಾಗಿ, ಎಷ್ಟು ಬಿಗಿದರೂ ರಿಂಗ್ ಅಲ್ಲಾಡುತ್ತದೆ. ಸಿಂಗಲ್ ರಿಂಗಿನ ಗಿಡ್ಡ ಬೋಲ್ಟುಗಳನ್ನೇ ತನ್ನಿ. ಇನ್ನೊಂದು, ಗೇರ್ ಸೈಕಲ್ಲಿನ ಚೈನ್‌ರಿಂಗಿನ ಒಳಮೈಯಲ್ಲಿ ಸಣ್ಣ ಪಿನ್ನುಗಳೂ ಗೀರುಗಳೂ ಇರುತ್ತವೆ, ಕೆಲವು ಹಲ್ಲುಗಳು ಬೇಕೆಂದೇ ಗಿಡ್ಡ. ಚೈನ್ ಸಲೀಸಾಗಿ ರಿಂಗಿನಿಂದ ರಿಂಗಿಗೆ ದಾಟಲೆಂದು ಮಾಡಿದ ಏರ್ಪಾಡು ಅದು. ನಿಮಗೆ ಬೇಕಿರುವುದು ಚೈನನ್ನು ಬಿಡದ ಹಲ್ಲು. ಸಾದಾ ಹಲ್ಲಿನ ರಿಂಗ್, ಟೆನ್ಷನರ್ ಇದ್ದರೆ ದಪ್ಪ-ತೆಳು ಹಲ್ಲಿನ ರಿಂಗ್, ಇದಕ್ಕೆ ಕೊಡುವ ದುಡ್ಡು ದಂಡವಲ್ಲ.

ಚೈನಿನಲ್ಲಿ ಎರಡು ಅಗಲ: 1/8 ಇಂಚು ಮತ್ತು 3/32 ಇಂಚು. ಅಗಲದ ಚೈನ್ ಎರಡೂ ಬಗೆಯ ಹಲ್ಲಿಗೆ ಕೂರುತ್ತದೆ, ಕಿರಿದಾದದ್ದು 1/8ರ ಹಲ್ಲಿನ ಮೇಲೆ ಕೂರುವುದಿಲ್ಲ. ಸವೆದ ಹಳೆಯ ಚೈನನ್ನು ಹೊಸ ಸ್ಪ್ರಾಕೆಟ್ಟಿಗೆ ಹಾಕುವ ಉಳಿತಾಯ ಬೇಡ. ಕ್ಲಿಪ್ ಇರುವ ಜೋಡಣೆ ಕೊಂಡಿಯಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ಕಚ್ಚು ಮುಂದಕ್ಕೆ ತೆರೆದುಕೊಂಡಿದ್ದರೆ, ಆಕ್ಸಲ್ಲಿನ ಹಿಂದೆ ಸ್ವಲ್ಪ ಜಾಗ ಉಳಿಯುವಂತೆ ಚೈನ್ ಕತ್ತರಿಸಿ. ಅದು ಹಿಗ್ಗಿದಂತೆಲ್ಲ ಚಕ್ರವನ್ನು ಹಿಂದಕ್ಕೆ ತಳ್ಳಬೇಕಲ್ಲ.

ಬಿಗಿ ಮಾಡುವ ಕೈಚಳಕ

ಚೈನಿನ ಮಧ್ಯಭಾಗವನ್ನು ಬೆರಳಲ್ಲಿ ಒತ್ತಿದಾಗ ಮೇಲೆ-ಕೆಳಗೆ ಒಟ್ಟು 10ರಿಂದ 12 ಮಿ.ಮೀ. ಆಡಬೇಕು. ತಂತಿಯಂತೆ ಬಿಗಿದರೆ ಹಬ್‌ನ ಬೇರಿಂಗ್ ಸವೆಯುತ್ತದೆ, ತುಳಿತವೂ ಭಾರ. ಒಂದು ಕಡೆ ನೋಡಿ ಮುಗಿಸಬೇಡಿ, ಪೆಡಲಿನ ತೋಳನ್ನು (ಕ್ರ್ಯಾಂಕ್) ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಚೈನ್‌ರಿಂಗುಗಳು ಕೂದಲೆಳೆಯಷ್ಟು ಕೇಂದ್ರ ತಪ್ಪಿರುವುದು ಸಾಮಾನ್ಯ, ಹಾಗಾಗಿ ಒಂದು ಜಾಗದಲ್ಲಿ ಬಿಗಿ, ಅದರ ಎದುರಿನಲ್ಲಿ ಸಡಿಲ. ವ್ಯತ್ಯಾಸ ತೀರ ಎದ್ದು ಕಂಡರೆ ರಿಂಗಿನ ಬೋಲ್ಟುಗಳನ್ನು ತುಸು ಸಡಿಲಿಸಿ, ಬಿಗಿಯಾದ ಜಾಗದಲ್ಲಿ ಚೈನಿನ ಮೇಲೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ಮತ್ತೆ ತಿರುಗಿಸಿ ನೋಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ರಿಂಗ್ ಮಧ್ಯಕ್ಕೆ ಬರುತ್ತದೆ. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಆಟದ ಅಳತೆ ತೆಗೆದುಕೊಳ್ಳಬೇಕಾದ್ದು ಬಿಗಿ ಜಾಗದಲ್ಲೇ.

ಅಡ್ಡ ಕಚ್ಚಿಗೆ ಒಂದು ಚಾಳಿಯಿದೆ. ಏರಿನಲ್ಲಿ ಜೋರಾಗಿ ತುಳಿದಾಗ ಚೈನ್ ಆಕ್ಸಲ್ಲಿನ ಬಲತುದಿಯನ್ನು ಮುಂದಕ್ಕೆಳೆದು, ಟೈರ್ ಫ್ರೇಮಿನ ಎಡಗಡೆಯ ಕೆಳಕೊಳವೆಗೆ (ಚೈನ್‌ಸ್ಟೇ) ಉಜ್ಜಿ ಚಕ್ರ ಅಲ್ಲೇ ನಿಲ್ಲುತ್ತದೆ. ಅಗ್ಗದ ಕ್ವಿಕ್ ರಿಲೀಸ್ (ಸ್ಪ್ಯಾನರ್ ಬೇಡದ, ಹಿಡಿಕೆ ಮಡಚಿ ಬಿಗಿಯುವ ಬಗೆ) ಇದ್ದಲ್ಲಿ ಇದು ಜಾಸ್ತಿ. ಗಟ್ಟಿ ಆಕ್ಸಲ್ಲಿಗೆ ಹಲ್ಲಿನ ವಾಷರ್ ಹಾಕಿ, 15 ಮಿ.ಮೀ. ನಟ್ಟಿನಿಂದ ಬಿಗಿದರೆ ಬಹುತೇಕ ತಪ್ಪುತ್ತದೆ. ನಟ್ಟಿನ ತಿರುಪಿಗೆ ಎಣ್ಣೆ ಬಿಡಿ, ಡ್ರಾಪ್‌ಔಟಿನ ಮೈಗೆ ಬೇಡ. ಬಿಗಿಯುವಾಗ ಒಂದೇ ಸಲಕ್ಕೆ ಚಕ್ರವನ್ನು ಹಿಂದಕ್ಕೆ ಎಳೆದು ಹಿಡಿಯಲು ಹೋಗಬೇಡಿ. ಮೊದಲು ಎರಡೂ ನಟ್ಟುಗಳನ್ನು ಅರೆಬಿಗಿ ಮಾಡಿ. ಎಡದ್ದನ್ನು ಸಡಿಲಿಸಿ ಟೈರನ್ನು ಎಡಕ್ಕೆ ತಳ್ಳಿದರೆ ಆಕ್ಸಲ್ಲಿನ ಎಡತುದಿ ಹಿಂದೆ ಸರಿಯುತ್ತದೆ. ಅದನ್ನು ಬಿಗಿದು, ಬಲದ್ದನ್ನು ಸಡಿಲಿಸಿ ಟೈರನ್ನು ಬಲಕ್ಕೆ ತಳ್ಳಿ. ಹೀಗೆ ಒಂದೊಂದು ಹೆಜ್ಜೆ ಹಿಂದಕ್ಕೆ ನಡೆಸಿಕೊಂಡು ಹೋದರೆ ಒಬ್ಬರೇ, ಕೈ ನೋಯಿಸಿಕೊಳ್ಳದೆ ಮುಗಿಸಬಹುದು.

ಫ್ರೀವೀಲ್ ಬಿಟ್ಟು ಫಿಕ್ಸೆಡ್, ಅಂದರೆ ಚಕ್ರ ತಿರುಗುವ ತನಕ ಪೆಡಲೂ ತಿರುಗುವಂತೆ, ಮಾಡುವ ಆಸೆ ಇದ್ದರೆ ಎರಡು ಮಾತು. ಅಲ್ಲಿ ಟೆನ್ಷನರ್ ಹಾಕುವಂತಿಲ್ಲ: ಹಿಂದಕ್ಕೆ ಒತ್ತಿದಾಗ ಬಿಗಿಯುವುದು ಕೆಳಗಿನ ಸಾಲು, ಟೆನ್ಷನರಿನ ತೋಳು ಮುರಿದೇ ಹೋಗುತ್ತದೆ. ಮಲ್ಟಿ ಗೇರಿನ ಹಬ್‌ಗೆ ಫಿಕ್ಸೆಡ್ ಸ್ಪ್ರಾಕೆಟ್ ತಿರುಪುವುದೂ ಬೇಡ. ಅದರಲ್ಲಿ ಸ್ಪ್ರಾಕೆಟ್ ಬಿಚ್ಚದಂತೆ ತಡೆಯುವ ಲಾಕ್‌ರಿಂಗಿಗೆ ಬೇಕಾದ ಎಡತಿರುಪು ಇರುವುದಿಲ್ಲ, ಕಾಲಿನಿಂದ ವೇಗ ತಗ್ಗಿಸುವಾಗ ಸ್ಪ್ರಾಕೆಟ್ ಬಿಚ್ಚಿಕೊಂಡೀತು. ಬ್ರೇಕ್ ವಿಷಯದಲ್ಲಿ ರಾಜಿಯಿಲ್ಲ, ಫ್ರೀವೀಲಿಗೆ ಮುಂದೆ ಹಿಂದೆ ಎರಡೂ ಬೇಕು, ಫಿಕ್ಸೆಡ್ಡಿಗೂ ಮುಂದಿನದಂತೂ ಬೇಕೇ ಬೇಕು.

ಓಡಿಸುವುದರಲ್ಲಿ ಕಲಿಯುವುದು ಹೆಚ್ಚಿಲ್ಲ. ಏರು ಕಂಡಾಗ ಬುಡಕ್ಕೆ ಬರುವ ಮೊದಲೇ ವೇಗ ಕೂಡಿಸಿಕೊಳ್ಳಿ. ತುಳಿತ ನಿಧಾನವಾಗಿ ಕಾಲು ಸಿಕ್ಕಿಕೊಂಡಂತಾಗುವ ತನಕ ಕಾಯದೆ, ಅದಕ್ಕೂ ಮುಂಚೆ ಸೀಟಿನಿಂದೆದ್ದು ಮೈಭಾರ ಹಾಕಿ. ಕೆಂಪು ದೀಪ ದೂರದಿಂದಲೇ ಕಂಡರೆ ತುಳಿತ ಬಿಟ್ಟು ಜಾರಿಕೊಂಡು ಬನ್ನಿ. ನಿಲ್ಲುವ ಮುನ್ನವೇ ಹಸಿರಾದರೆ ಅಷ್ಟು ಮಂಡಿ ಉಳಿಯಿತು. ನಿಲ್ಲಲೇಬೇಕಾದರೆ ಹೊರಡುವ ಕಾಲಿನ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಮುಂಭಾಗದಲ್ಲಿ ಸ್ವಲ್ಪ ಮೇಲಕ್ಕೆ ಬರುವಂತೆ ಇಟ್ಟುಕೊಳ್ಳಿ. ಮಂಡಿಯ ಮುಂಭಾಗ ನೋಯತೊಡಗಿದರೆ ಮೊದಲು ಸೀಟಿನ ಎತ್ತರ ನೋಡಿ. ಅದು ಸರಿಯಿದ್ದರೆ ಹಿಂದೆ ಒಂದು ಹಲ್ಲು ಹೆಚ್ಚಿಸಿ.

ಹೊಸ ಜೋಡಣೆ ಮೊದಲ ನೂರು ಕಿಲೋಮೀಟರಿನಲ್ಲಿ ಕೂತುಕೊಳ್ಳುತ್ತದೆ, ಆಗೊಮ್ಮೆ ಚೈನಿನ ಬಿಗಿ, ಆಕ್ಸಲ್ ನಟ್ಟು, ಚೈನ್‌ರಿಂಗಿನ ಬೋಲ್ಟು ಮೂರನ್ನೂ ನೋಡಿ. ಆಮೇಲೆ ಆಗಾಗ ಚೈನಿನ ಹನ್ನೆರಡು ಇಂಚನ್ನು ಪಿನ್ನಿನಿಂದ ಪಿನ್ನಿಗೆ ಅಳೆಯಿರಿ. ಹೊಸದರಲ್ಲಿ 24 ಕೊಂಡಿಗಳಿಗೆ ಸರಿಯಾಗಿ 304.8 ಮಿ.ಮೀ. ಬರುತ್ತದೆ, 306.4 ಮುಟ್ಟಿದರೆ ಚೈನ್ ಬದಲಿಸಿ. ನಟ್ಟಿನ ಚಕ್ರವಿರುವವರು 15 ಮಿ.ಮೀ. ಸ್ಪ್ಯಾನರನ್ನು ಪಂಕ್ಚರ್ ಸಾಮಾನಿನ ಜೊತೆ ಚೀಲದಲ್ಲೇ ಇಟ್ಟುಕೊಳ್ಳಬೇಕು, ಅದಿಲ್ಲದೆ ಚಕ್ರ ಬಿಚ್ಚಲಾಗದು, ಟ್ಯೂಬ್ ಬದಲಿಸಲೂ ಆಗದು.